ಪುಷ್ಕರಕ್ಕೆ ಬರೋದಾದರೆ ಹುಣ್ಣಿಮೆಗೆ ಬರಬೇಡ

ಗೆಳೆಯಾ,

ನಿನ್ನ ಪತ್ರ ಓದಿದೆ. ಕಾರ್ತಿಕ ಹುಣ್ಣಿಮೆಗೆ ಸರಿಯಾಗಿ ರಾಜಸ್ಥಾನದ ಪುಷ್ಕರಕ್ಕೆ ಬಂದಿಳಿದು, ಒಂಟೆಗಳ ಫೋಟೊ ತೆಗೆದು, ಹಾಗೇ ಜೈಸಲ್ಮೇರ್ ನೋಡಿಕೊಂಡು ಹೋಗ್ತೀನಿ ಅಂತ ಬರೆದಿದ್ದೀಯ. ಬಾ ಮಾರಾಯ, ಮನೆ ಇದೆ, ಊಟ ಇದೆ. ಆದರೆ ಹುಣ್ಣಿಮೆಗೆ ಬಂದರೆ ನಿನಗೆ ಸಿಗೋದು ಜನ, ಒಂಟೆಯಲ್ಲ.

ಪುಷ್ಕರದ್ದು ಒಂದೇ ಹೆಸರಿನ ಎರಡು ಜಾತ್ರೆ. ದನ, ಕುದುರೆ, ಒಂಟೆಗಳ ಜಾತ್ರೆ ನಮ್ಮ ಬಲಿಪಾಡ್ಯಮಿಯ ದಿನವೇ ಶುರು. ದೀಪಾವಳಿ ಮುಗಿಯುವ ಮೊದಲೇ ಊರಾಚೆಯ ಮರಳದಿಬ್ಬಗಳ ಮೇಲೆ ಗುಂಪುಗುಂಪಾಗಿ ಒಂಟೆಗಳು ಬಂದು ಕೂರುತ್ತವೆ. ನಮ್ಮಲ್ಲಿ ತುಳಸಿ ಹಬ್ಬಕ್ಕೆ ನೆಲ್ಲಿಕೊಂಬೆ ಹುಡುಕುವ ಹೊತ್ತಿಗೆ ಇಲ್ಲಿ ಸ್ನಾನದ ಜಾತ್ರೆ ಶುರುವಾಗುತ್ತದೆ. ಏಕಾದಶಿಯಿಂದ ಹುಣ್ಣಿಮೆಯವರೆಗೆ ಐದು ದಿನ, ಸರೋವರದ 52 ಸ್ನಾನಘಟ್ಟಗಳಲ್ಲೂ ಕಾಲಿಡಲು ಜಾಗವಿರುವುದಿಲ್ಲ. ಬ್ರಹ್ಮನ ಗುಡಿಯ ಮುಂದಿನ ಸಾಲು ಬೀದಿಗೆ ಬಂದಿರುತ್ತದೆ. ಪತ್ರಿಕೆಯವರು, ಪ್ರವಾಸಿಗಳು, ನಿನ್ನಂಥ ಕ್ಯಾಮೆರಾದವರು ಎಲ್ಲ ಆಗಲೇ ಬರುವುದು. ಅಷ್ಟರಲ್ಲಿ ವ್ಯಾಪಾರದವರು ಬಹುಪಾಲು ಗಂಟುಮೂಟೆ ಕಟ್ಟಿರುತ್ತಾರೆ. ಮಾರಿದವನು ಊರಿಗೆ ಹೋದ, ಕೊಂಡವನು ಲಾರಿ ಹತ್ತಿಸಿದ. ಆಮೇಲೆ ಉಳಿಯುವ ಒಂಟೆಗಳು ಗಾಡಿಗೆ ಕಟ್ಟಿ ಸವಾರಿ ಮಾಡಿಸುವಂಥವು. ಕತ್ತಿನಲ್ಲಿ ಕವಡೆ ಪೋಣಿಸಿದ ಗೋರಬಂದ್ ಸರ, ಮೈಮೇಲಿನ ಕೂದಲಲ್ಲಿ ಕತ್ತರಿಯಿಂದ ಕತ್ತರಿಸಿ ಮೂಡಿಸಿದ ಹೂಬಳ್ಳಿ. ನೋಡಲು ಚೆಂದವೇ. ಆದರೆ ಅದು ಮಾರುವ ಒಂಟೆಯಲ್ಲ, ದುಡಿಯುವ ಒಂಟೆ.

ಆದ್ದರಿಂದ ಪುಷ್ಕರವೇ ಬೇಕೆಂದರೆ ಪಾಡ್ಯದಿಂದ ಅಷ್ಟಮಿಯೊಳಗೆ ಬಾ.

ಬಂದಾಗ ಲೆಕ್ಕ ಹಾಕಿ ನೋಡು, ಒಂಟೆಗಿಂತ ಕುದುರೆಯೇ ಹೆಚ್ಚು ಕಂಡರೆ ಆಶ್ಚರ್ಯಪಡಬೇಡ. ಕಿವಿಯ ತುದಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ಮಾರವಾಡಿ ಕುದುರೆಗೆ ಈಗ ಲಕ್ಷಗಟ್ಟಲೆ ಬೆಲೆ. ಅವುಗಳ ಮಾಲೀಕರು ಟೆಂಟಿಗೆ ಕೂಲರ್ ಹಾಕಿಸಿಕೊಂಡು ಕೂತಿರುತ್ತಾರೆ. ಒಂಟೆಯವರ ಪಾಡು ಬೇರೆ. ಒಂಟೆ ಸಾಕುವುದನ್ನೇ ಕುಲಕಸುಬಾಗಿಸಿಕೊಂಡವರು ರಾಯ್ಕಾಗಳು, ರೆಬಾರಿ ಅಂತಲೂ ಕರೆಯುತ್ತಾರೆ. ಬಿಳಿ ಧೋತರ, ದೊಡ್ಡ ಕೆಂಪು ಪೇಟ. ಪಾರ್ವತಿ ಮಣ್ಣಿನಲ್ಲಿ ಒಂದು ವಿಚಿತ್ರ ಪ್ರಾಣಿ ಮಾಡಿ ಆಡುತ್ತಿದ್ದಳಂತೆ, ಹಟ ಹಿಡಿದು ಶಿವನಿಂದ ಅದಕ್ಕೆ ಜೀವ ಕೊಡಿಸಿದಳಂತೆ; ಅದು ಸಿಕ್ಕಸಿಕ್ಕ ಕಡೆ ಓಡತೊಡಗಿದಾಗ ಕಾಯುವುದಕ್ಕೆ ಅಂತ ಶಿವ ಮೊದಲ ರಾಯ್ಕಾನನ್ನು ಹುಟ್ಟಿಸಿದನಂತೆ. ನಮ್ಮ ಹಾಲುಮತದ ಕಥೆ ಹಾಡುವವರನ್ನು ಕೇಳಿ ಬೆಳೆದ ನಿನಗೆ ಇದು ಬೇರೆಯವರ ಕಥೆ ಅನ್ನಿಸಲಿಕ್ಕಿಲ್ಲ.

ಹೆಣ್ಣೊಂಟೆಯನ್ನು ಮಾರಬಾರದು, ಹಾಲನ್ನೂ ಮಾರಬಾರದು ಅನ್ನುವುದು ಅವರ ಹಳೆಯ ಕಟ್ಟಳೆ. ಗಂಡು ಮರಿಗಳನ್ನು ಗಾಡಿಗೆ, ಉಳುಮೆಗೆ ಮಾರಿ ವರ್ಷದ ಖರ್ಚು ನೋಡಿಕೊಳ್ಳುತ್ತಿದ್ದರು. ಅದಕ್ಕೇ ಪುಷ್ಕರ ಬೇಕಾಗಿತ್ತು. ಟ್ರ್ಯಾಕ್ಟರ್, ಜೀಪು ಬಂದು ಅರ್ಧ ಬೇಡಿಕೆ ಹೋಯಿತು. ಇನ್ನರ್ಧದ ಕಥೆ ಕೇಳು. 2014ರಲ್ಲಿ ರಾಜಸ್ಥಾನ ಸರ್ಕಾರ ಒಂಟೆಯನ್ನು ರಾಜ್ಯಪ್ರಾಣಿ ಎಂದಿತು, 2015ರಲ್ಲಿ ಕಾಯ್ದೆ ತಂದಿತು: ವಧೆ ನಿಷಿದ್ಧ, ಅನುಮತಿಯಿಲ್ಲದೆ ರಾಜ್ಯದ ಗಡಿ ದಾಟಿಸುವಂತಿಲ್ಲ. ಉದ್ದೇಶ ಒಳ್ಳೆಯದೇ. ಆದರೆ ಹೊರಗಿನ ರಾಜ್ಯಗಳ ಗಿರಾಕಿ ಬರುವುದು ನಿಂತಿತು, ಗಂಡೊಂಟೆಯ ಬೆಲೆ ನೆಲ ಕಚ್ಚಿತು. ಮಾರಲಾಗದ ಪ್ರಾಣಿಯನ್ನು ಎಷ್ಟು ದಿನ ಮೇಯಿಸುತ್ತಾರೆ? 2012ರ ಜಾನುವಾರು ಗಣತಿಯಲ್ಲಿ ರಾಜ್ಯದಲ್ಲಿ ಸುಮಾರು 3.26 ಲಕ್ಷ ಒಂಟೆಗಳಿದ್ದವು, 2019ಕ್ಕೆ 2.13 ಲಕ್ಷ. ಇಳಿಮುಖ ಕಾಯ್ದೆಗೆ ಮುಂಚಿನದು, ನಿಜ. ಆದರೂ ಕೊಳ್ಳುವವನನ್ನೇ ದೂರ ಮಾಡಿ ಸಾಕುವವನನ್ನು ಹೇಗೆ ಉಳಿಸುತ್ತೀರಿ ಅಂತ ರಾಯ್ಕಾಗಳು ಕೇಳುವ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಸಾಲದ್ದಕ್ಕೆ 2020ರಲ್ಲಿ ಕೊರೊನಾ, 2022ರಲ್ಲಿ ದನಗಳ ಚರ್ಮಗಂಟು ರೋಗ. ಎರಡು ಸಲ ಜಾನುವಾರು ಜಾತ್ರೆಯೇ ನಡೆಯಲಿಲ್ಲ.

ನಾಗೌರಿನದ್ದೂ ಇದೇ ಕಥೆ, ಪ್ರಾಣಿ ಮಾತ್ರ ಬೇರೆ. ಅಲ್ಲಿ ಮಾಘದಲ್ಲಿ ರಾಮದೇವ ಅನ್ನುವ ಜನಪದ ದೈವದ ಹೆಸರಿನ ದನದ ಜಾತ್ರೆ. ನಾಗೌರಿ ಎತ್ತು ನೋಡಬೇಕು ಕಣೋ: ಬಿಳಿ ಮೈ, ಉದ್ದ ಕಾಲು, ಗಾಡಿಗೆ ಕಟ್ಟಿದರೆ ಓಟವೇ ಓಟ. ನಮ್ಮ ಹಳ್ಳಿಕಾರ್ ಜೋಡಿಯನ್ನು ಮಕ್ಕಳಿಗಿಂತ ಹೆಚ್ಚು ಅಂತ ಸಾಕುವ ನಿನ್ನ ಚಿಕ್ಕಪ್ಪ ನೋಡಿದ್ದರೆ ಬೆನ್ನು ಸವರದೆ ಬಿಡುತ್ತಿರಲಿಲ್ಲ. ಅದಕ್ಕೂ 1995ರಿಂದ ಗಡಿ ದಾಟಿಸುವ ಕಟ್ಟುಪಾಡು. ಕೊಂಡವನು ರವನ್ನಾ ಅನ್ನುವ ಸಾಗಣೆ ಪರವಾನಗಿಯ ಚೀಟಿ ಕೈಯಲ್ಲಿ ಹಿಡಿದೇ ಜಾತ್ರೆಯಿಂದ ಹೊರಡಬೇಕು, ದಾರಿಯುದ್ದಕ್ಕೂ ಅದನ್ನು ತೋರಿಸಬೇಕು.

ಹಾಗಾದರೆ ಎಲ್ಲಿಗೆ ಬರಲಿ ಅಂತೀಯ. ತಿಲವಾಡಾಕ್ಕೆ ಬಾ.

ಅಜ್ಮೇರಿನಿಂದ ಪುಷ್ಕರಕ್ಕೆ ಹೋಗುವಾಗ ನಾಗಪಹಾಡ ಅನ್ನುವ ಗುಡ್ಡ ದಾಟುತ್ತೀವಿ. ಲೂಣಿ ನದಿ ಹುಟ್ಟುವುದು ಆ ಗುಡ್ಡಗಳ ಆಸುಪಾಸಿನಲ್ಲೇ. ಅಲ್ಲಿಂದ ನೈಋತ್ಯಕ್ಕೆ ಹರಿದು ಕೊನೆಗೆ ಕಚ್ಛದ ರಣದಲ್ಲಿ ಇಂಗಿಹೋಗುತ್ತದೆ, ಸಮುದ್ರದವರೆಗೆ ತಲುಪುವುದಿಲ್ಲ. ಬಾಲೋತರಾ ಪಟ್ಟಣದವರೆಗೆ ಸಿಹಿನೀರು, ಆಮೇಲೆ ಉಪ್ಪು ಅಂತ ಇಲ್ಲಿಯ ಶಾಲೆಮಕ್ಕಳೂ ಹೇಳುತ್ತಾರೆ. ಆ ಬಾಲೋತರಾದ ಪಕ್ಕದ ತಿಲವಾಡಾದಲ್ಲೇ, ಬತ್ತಿದ ನದಿಯ ಪಾತ್ರದೊಳಗೇ ನಡೆಯುವುದು ಮಲ್ಲಿನಾಥನ ಜಾನುವಾರು ಜಾತ್ರೆ. ಜಾತ್ರೆಯ ದಿನಗಳಲ್ಲಿ ಮರಳು ಸ್ವಲ್ಪ ಕೆದಕಿದರೂ ಕುಡಿಯುವ ನೀರು ಬರುತ್ತದೆ, ಅದು ಮಲ್ಲಿನಾಥನ ಮಹಿಮೆ ಅನ್ನುತ್ತಾರೆ ಜನ. ಮಾಲಾಣಿ ಅನ್ನುವ ಸೀಮೆಗೆ ಹೆಸರು ಬಂದದ್ದೇ ಈ ಮಲ್ಲಿನಾಥನಿಂದ; 14ನೇ ಶತಮಾನದ ರಾಠೋಡ ಅರಸ, ಆಮೇಲೆ ಸಂತ.

ಅರಸ ಸಂತನಾದದ್ದು ಹೆಂಡತಿಯಿಂದ. ರಾಣಿ ರೂಪಾದೆ ರಾತ್ರಿಹೊತ್ತು ಕದ್ದು ಅರಮನೆ ಬಿಟ್ಟು ಧಾರೂ ಮೇಘವಾಲನ ಮನೆಯ ಭಜನೆಗೆ ಹೋಗುತ್ತಿದ್ದಳು. ಮೇಘವಾಲರು ಊರು ಮುಟ್ಟಿಸಿಕೊಳ್ಳದ ಜನ. ಗಂಡನಿಗೆ ಗೊತ್ತಾಗಿ ಕತ್ತಿ ಹಿಡಿದು ದಾರಿಗೆ ಅಡ್ಡ ನಿಂತ. ತಟ್ಟೆಯಲ್ಲಿ ಏನಿದೆ ತೋರಿಸು ಅಂದ. ಬಟ್ಟೆ ಸರಿಸಿದರೆ ಪ್ರಸಾದವೆಲ್ಲ ಹೂವಾಗಿತ್ತಂತೆ. ಅವಳ ಗುಡಿ ಮಾಲಾಜಾಳದಲ್ಲಿ, ಹೊಳೆಯ ಆಚೆ ದಡಕ್ಕಿದೆ. ಕುದುರೆ ಕೊಳ್ಳಲು ಬಂದವರು ಈ ದಡದಲ್ಲಿ ಅವನಿಗೆ, ಆ ದಡದಲ್ಲಿ ಇವಳಿಗೆ ಕೈಮುಗಿದು ಹೋಗುತ್ತಾರೆ. ಥಾರ್‌ಪಾರ್ಕರ್ ಹಸು, ಕಾಂಕ್ರೇಜ್ ಎತ್ತು, ಮಾಲಾಣಿ ಕುದುರೆ, ಒಂಟೆ ಎಲ್ಲ ಅಲ್ಲಿ ಬರುತ್ತವೆ. ಪುಷ್ಕರಕ್ಕೆ ಹೋಲಿಸಿದರೆ ಹೋಟೆಲಿಲ್ಲ, ಬಿಸಿಗಾಳಿ ಬೇರೆ. ಆದರೆ ನಿನ್ನ ಕಡೆ ಯಾರೂ ತಿರುಗಿ ನೋಡುವುದಿಲ್ಲ, ಅವರವರ ವ್ಯಾಪಾರ ಅವರವರಿಗೆ. ನನಗೆ ಹಿಡಿಸಿದ್ದು ಅದೇ.

ತಾರೀಖಿನ ವಿಷಯದಲ್ಲಿ ಎಚ್ಚರ. ಇಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ. ಇವರು ಚೈತ್ರ ಕೃಷ್ಣ ಏಕಾದಶಿಗೆ ಜಾತ್ರೆ ಶುರು ಅಂದರೆ ನಮ್ಮ ಪಂಚಾಂಗದಲ್ಲಿ ಅದು ಫಾಲ್ಗುಣ ಬಹುಳ ಏಕಾದಶಿ. ಯುಗಾದಿಗೆ ಮೊದಲೇ ಆರಂಭವಾಗಿ ಚೈತ್ರ ಶುದ್ಧ ಏಕಾದಶಿಗೆ ಮುಗಿಯುತ್ತದೆ. ನಮ್ಮ ಕ್ಯಾಲೆಂಡರ್ ನೋಡಿಕೊಂಡು ಬಂದರೆ ಯುಗಾದಿಯಾದ ಮೇಲಿನ ಬಹುಳದಲ್ಲಿ ಬಂದು ಖಾಲಿ ಹೊಳೆ ನೋಡಿ ಹೋಗಬೇಕಾಗುತ್ತದೆ.

ಜೈಸಲ್ಮೇರಿನ ಮರು ಮಹೋತ್ಸವದ, ಅಂದರೆ ಮರುಭೂಮಿ ಹಬ್ಬದ ಬಗ್ಗೆ ಕೇಳಿದ್ದೀಯ. 1979ರಲ್ಲಿ ಪ್ರವಾಸಿಗಳಿಗೆಂದೇ ಶುರುವಾದದ್ದು. ಮೀಸೆ ಸ್ಪರ್ಧೆ, ಪೇಟ ಕಟ್ಟುವ ಸ್ಪರ್ಧೆ, ಸಮ್ ಊರಿನ ಮರಳದಿಬ್ಬಗಳ ಮೇಲೆ ದೀಪ. ಸಂಜೆ ಹಾಡುಗಾರ ಸಮುದಾಯದ ಮಾಂಗಣಿಯಾರರು ಕಮಾಯಿಚಾ ಅನ್ನುವ ತಂತಿವಾದ್ಯ ನುಡಿಸಿದರೆ ಮಾತ್ರ ಕೂತು ಕೇಳು, ಉಳಿದದ್ದು ಬಿಟ್ಟರೂ ನಷ್ಟವಿಲ್ಲ.

ಆದರೆ ಕೊಡು-ಕೊಳ್ಳುವಿಕೆ ಇಲ್ಲದ ಜಾತ್ರೆಯೆಲ್ಲ ಬರೀ ಪ್ರದರ್ಶನ ಅಂತ ನಾನು ಹೇಳಿದರೆ ರಾಮದೇವರಾ ನನ್ನ ಬಾಯಿ ಮುಚ್ಚಿಸುತ್ತದೆ. ಆ ರಾಮದೇವನ ಸಮಾಧಿ ಇರುವ, ಪೋಕರಣ್ ಹತ್ತಿರದ ಊರು ಅದು. ಭಾದ್ರಪದ ಶುದ್ಧ ಬಿದಿಗೆ, ಅಂದರೆ ನಮ್ಮ ಗೌರಿ ಹಬ್ಬದ ಮುನ್ನಾದಿನದಿಂದ ಅಲ್ಲಿ ಜಾತ್ರೆ. ಅದಕ್ಕೂ ಎಷ್ಟೋ ದಿನ ಮೊದಲಿನಿಂದ ಜೋಧಪುರದ ರಸ್ತೆಗಳಲ್ಲಿ ನಡೆದು ಹೋಗುವವರ ಸಾಲು. ಮೊದಲು ಇಲ್ಲಿನ ಮಸೂರಿಯಾ ಗುಡ್ಡದಲ್ಲಿರುವ, ರಾಮದೇವನ ಗುರು ಬಾಲೀನಾಥನಿಗೆ ನಮಸ್ಕಾರ, ಅಲ್ಲಿಂದ ಸುಮಾರು 180 ಕಿಲೋಮೀಟರ್ ಕಾಲ್ನಡಿಗೆ. ಕೈಯಲ್ಲಿ ಬಾವುಟ, ತಲೆಯ ಮೇಲೆ ಬಟ್ಟೆಯಿಂದ ಹೊಲಿದ ಕುದುರೆ; ಕೆಲವು ಕುದುರೆಗಳು ಹೊತ್ತವನಿಗಿಂತ ಎತ್ತರ. ದಾರಿಯುದ್ದಕ್ಕೂ ಭಂಡಾರಾ ಅನ್ನುವ ಅನ್ನಛತ್ರಗಳು: ಚಹಾ, ಪೂರಿ, ಬೊಬ್ಬೆ ಎದ್ದ ಕಾಲಿಗೆ ಔಷಧ. ದುಡ್ಡು ಕೊಡಲು ಹೋದರೆ ಬೈಸಿಕೊಳ್ಳುತ್ತೀಯ. ಒಬ್ಬ ಮುದುಕ ನನ್ನ ಕೈಗೆ ಚಹಾ ಇಟ್ಟು, "ಬೈಕಿನಲ್ಲಿ ಬಂದವರಿಗೆ ಅರ್ಧ ಲೋಟ" ಅಂದು ನಕ್ಕಿದ್ದ.

ಮೆಕ್ಕಾದಿಂದ ಐವರು ಪೀರರು ರಾಮದೇವನನ್ನು ಪರೀಕ್ಷಿಸಲು ಬಂದರಂತೆ. ಊಟಕ್ಕೆ ಕೂರಿಸಿದರೆ, ನಮ್ಮ ಬಟ್ಟಲು ಊರಲ್ಲೇ ಬಿಟ್ಟು ಬಂದಿದ್ದೇವೆ, ಬೇರೆಯದರಲ್ಲಿ ಉಣ್ಣುವುದಿಲ್ಲ ಅಂದರು. ಕಣ್ಣುಬಿಟ್ಟು ನೋಡಿದರೆ ಅವೇ ಬಟ್ಟಲು ಮುಂದಿವೆ! ಅಂದಿನಿಂದ ಅವನು ಪೀರರಿಗೆ ಪೀರ. ಮುಸ್ಲಿಮರಿಗೆ ರಾಮಸಾ ಪೀರ್, ಹಿಂದೂಗಳಿಗೆ ಕೃಷ್ಣನ ಅವತಾರ. ಅವನ ಭಕ್ತೆ, ಮೇಘವಾಲರ ಮಗಳು ಡಾಲಿಬಾಯಿಯ ಸಮಾಧಿ ಅವನ ಸಮಾಧಿಯ ಪಕ್ಕದಲ್ಲೇ ಇದೆ. ಅಲ್ಲಿ ಕಾಮಡ್ ಸಮುದಾಯದ ಹೆಂಗಸರು ತೇರಾತಾಲಿ ನೃತ್ಯ ಮಾಡುತ್ತಾರೆ: ನೆಲದ ಮೇಲೆ ಕೂತು, ಒಂದು ಕಾಲಿಗೆ ಒಂಬತ್ತು ತಾಳ ಕಟ್ಟಿಕೊಂಡು, ಮೊಣಕೈಗಳಿಗೆ ಒಂದೊಂದು, ಕೈಯಲ್ಲಿ ಎರಡು. ಹದಿಮೂರೂ ಒಮ್ಮೆಗೇ ಮಾತಾಡುತ್ತವೆ.

ಈ ರಾಮದೇವನನ್ನು ನೀನು ನೋಡಿಯೇ ಇದ್ದೀಯ, ಗೊತ್ತಾಗಿಲ್ಲ ಅಷ್ಟೆ. ಚಿಕ್ಕಪೇಟೆಯಲ್ಲಿ ಬಟ್ಟೆಯಂಗಡಿಯ ಗಲ್ಲಾದ ಮೇಲೆ, ಕುದುರೆ ಏರಿ ಬಾವುಟ ಹಿಡಿದ ಚಿತ್ರ ಇರುತ್ತಲ್ಲ, ಅವನೇ. ಪಾಲಿ, ಜಾಲೋರ್, ಬಾಡಮೇರ್ ಕಡೆಯಿಂದ ಬಂದ ಆ ಅಂಗಡಿಯವರನ್ನು ರಾಮದೇವರಾದ ಬಗ್ಗೆ ಕೇಳು, ಬೆಲೆಯಲ್ಲಿ ಇಳಿಸದಿದ್ದರೂ ಕೂರಿಸಿ ಚಹಾ ಕುಡಿಸುತ್ತಾರೆ.

ಒಂದೇ ರಜೆ ಸಿಗುವುದಾದರೆ ತಿಲವಾಡಾ ಅಂತ ನನ್ನ ತೀರ್ಮಾನ. ಚಿಕ್ಕಪ್ಪನನ್ನೂ ಕರೆದುಕೊಂಡು ಬಾ. ಘಾಟಿ ಜಾತ್ರೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ನೋಡಿ, ಟವೆಲಿನಡಿ ಬೆರಳು ಹಿಡಿದು ಬೆಲೆ ಕಟ್ಟಿದವರು ಅವರು. ನಾವಿಬ್ಬರೂ ಮೂರು ದಿನ ಸುತ್ತಿದರೂ ಕಾಣದ್ದು ಅವರಿಗೆ ಒಂದು ಗಂಟೆಯಲ್ಲಿ ಕಾಣುತ್ತದೆ. ಹಿಂದಿ ಬರಲ್ಲ ಅಂತ ಹಿಂದೇಟು ಹಾಕಿದರೆ, ಕಾಂಕ್ರೇಜ್ ಕೋಡಿನ ಫೋಟೊ ಕಳಿಸುತ್ತೇನೆ, ತೋರಿಸು. ಟಿಕೆಟ್ ಮಾತ್ರ ಹೋಗಿಬರುವುದು ಎರಡೂ ಒಟ್ಟಿಗೆ ಮಾಡಿಸಿಬಿಡು. ಹೋಳಿ ಹಬ್ಬಕ್ಕೆ ಊರಿಗೆ ಬಂದ ಅಂಗಡಿಯವರೆಲ್ಲ ಬೆಂಗಳೂರಿಗೆ ಹಿಂದಿರುಗುವುದು ಆ ದಿನಗಳಲ್ಲೇ. ಬರುವಾಗ ಸೀಟು ಸಿಗುತ್ತದೆ, ಹೋಗುವಾಗ ಸಿಗುವುದಿಲ್ಲ.

ನಿನ್ನವನೇ,
ಜೋಧಪುರದಿಂದ