ಹೊಸ ನ್ಯಾಯಾಧೀಶರು ಮೊದಲು ಕೌನ್ಸೆಲರ್ ಪಕ್ಕ ಕೂರಲಿ

ಮಾನ್ಯ ಸಂಪಾದಕರೇ,

ನಾನು ನಿವೃತ್ತ ಬೆಂಚ್ ಕ್ಲರ್ಕ್. ಕೊನೆಯ ವರ್ಷಗಳು ಕಳೆದದ್ದು ಕೌಟುಂಬಿಕ ನ್ಯಾಯಾಲಯದಲ್ಲಿ. ಅಲ್ಲಿಗೆ ಬರುವ ನ್ಯಾಯಾಧೀಶರು ಹಿಂದಿನ ವಾರದವರೆಗೂ ಕೊಲೆ ಕೇಸು, ಜಮೀನು ಕೇಸು ನೋಡುತ್ತಿದ್ದವರು. ಕಾನೂನು ಚೆನ್ನಾಗಿ ಗೊತ್ತು. ಮಗುವನ್ನು ಮಾತಾಡಿಸುವುದು ಗೊತ್ತಿಲ್ಲ.

ಒಬ್ಬರು ತುಂಬಿದ ಕೋರ್ಟ್ ಹಾಲ್‌ನಲ್ಲೇ ಪುಟ್ಟ ಹುಡುಗನಿಗೆ "ಅಪ್ಪ ಬೇಕಾ, ಅಮ್ಮ ಬೇಕಾ?" ಅಂತ ಕೇಳಿಬಿಟ್ಟರು. ಅವನು ಬಾಯಿ ಬಿಡಲಿಲ್ಲ. ಮಗು ಏನೂ ಹೇಳಲಿಲ್ಲ ಎಂದು ಆರ್ಡರ್ ಶೀಟಿನಲ್ಲಿ ಬರೆಸಿ, ಮುಂದಿನ ಕೇಸು ಕೂಗಿಸಿದರು. ಕೆಟ್ಟವರೇನಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಅವರ ನಂತರ ಬಂದ ಮೇಡಂ ಮಕ್ಕಳನ್ನು ಚೇಂಬರಿಗೆ ಕರೆಸುತ್ತಿದ್ದರು. ಶಾಲೆ ಡೈರಿಗೆ ಸಹಿ ಹಾಕೋದು ಯಾರು, ಜ್ವರ ಬಂದರೆ ಪಕ್ಕದಲ್ಲಿ ಮಲಗೋದು ಯಾರು, ಇಂಥವೇ ಪ್ರಶ್ನೆಗಳು. ಬೇಕಾದ ಉತ್ತರ ತಾನಾಗೇ ಬರುತ್ತಿತ್ತು. ಇದನ್ನು ಕಲಿತದ್ದು ಉಪನ್ಯಾಸ ಕೇಳಿ ಅಲ್ಲ, ನಮ್ಮ ಕೌನ್ಸೆಲರ್ ಪಕ್ಕ ಕೂತು ಅಂತ ಅವರೇ ಹೇಳುತ್ತಿದ್ದರು.

ರಾಜಿ, ಸಮಾಲೋಚನೆಯಲ್ಲಿ ಅನುಭವ ಇರುವವರನ್ನೇ ಆರಿಸಲು ಪ್ರಯತ್ನಿಸಬೇಕು ಎನ್ನುತ್ತದೆ 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆ. ಆ ಅನುಭವ ಕೊಲೆ ಕೇಸಿನಿಂದ ಬರುತ್ತದೆಯೇ?

ಅಪರಾಧದ ಆರೋಪ ಹೊತ್ತ ಮಕ್ಕಳ ಕೇಸು ನೋಡುವ ಬಾಲನ್ಯಾಯ ಮಂಡಳಿಯದು ಇನ್ನೂ ಕಷ್ಟದ ಕೆಲಸ. ಮಂಡಳಿಯ ಮುಖ್ಯಸ್ಥರಾಗಲು ಮ್ಯಾಜಿಸ್ಟ್ರೇಟ್‌ಗೆ 3 ವರ್ಷದ ಅನುಭವ ಸಾಕು. 16 ದಾಟಿದ ಹುಡುಗನ ಮೇಲೆ ಘೋರ ಅಪರಾಧದ ಆರೋಪ ಬಂದರೆ, ಅವನನ್ನು ದೊಡ್ಡವರಂತೆ ವಿಚಾರಣೆಗೆ ಕಳಿಸಬೇಕೇ ಎಂದು ಅಳೆಯುವವರು ಇವರು ಮತ್ತು ಇಬ್ಬರು ಸಮಾಜ ಕಾರ್ಯಕರ್ತರು. ಮಂಡಳಿಯಲ್ಲಿ ಮಕ್ಕಳ ಮನಸ್ಸನ್ನು ಓದಿ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಎಂದು ಸುಪ್ರೀಂ ಕೋರ್ಟೇ 2022ರಲ್ಲಿ ಹೇಳಿದೆ. ಅಷ್ಟು ಸೂಕ್ಷ್ಮ. ಆದರೆ 2015ರ ಬಾಲನ್ಯಾಯ ಕಾಯ್ದೆ ತರಬೇತಿಗೆ ಕೊಟ್ಟಿರುವ ಗಡುವು ನೇಮಕವಾದ ಮೇಲೆ 60 ದಿನ. ಅಷ್ಟರೊಳಗೆ ಎದುರಿಗೆ ಬಂದು ಹೋದ ಮಕ್ಕಳ ಗತಿ ಏನು?

ಚಾರ್ಜ್ ತಗೊಳ್ಳುವ ಮೊದಲೇ ಎರಡು ವಾರ ಕೊಡಿ. ಒಂದು ವಾರ ಕೌನ್ಸೆಲರ್ ಕೋಣೆಯಲ್ಲಿ ಸುಮ್ನೆ ಕೂತು ಕೇಳಲಿ. ಇನ್ನೊಂದು ವಾರ, ಆರೋಪ ಹೊತ್ತ ಮಕ್ಕಳನ್ನು ವಿಚಾರಣೆ ಮುಗಿಯುವವರೆಗೆ ಇರಿಸುವ ವೀಕ್ಷಣಾಲಯದಲ್ಲಿರಲಿ, ಪ್ರೊಬೇಷನ್ ಅಧಿಕಾರಿ ಜೊತೆ ಒಂದೆರಡು ಮಕ್ಕಳ ಮನೆಗೂ ಹೋಗಿ ಬರಲಿ. ಹೇಳಿಕೊಡುವವರಿಗೆ ಬರವಿಲ್ಲ. ಬೆಂಗಳೂರಿನಲ್ಲಿ ನ್ಯಾಯಾಂಗ ಅಕಾಡೆಮಿ ಇದೆ, ನಿಮ್ಹಾನ್ಸ್ ಇದೆ.

ಬಾಕಿ ಕೇಸು ಜಾಸ್ತಿ, ಸಮಯ ಎಲ್ಲಿದೆ ಅಂತ ಕೇಳಬಹುದು. ಅರೆಬರೆ ಆದೇಶಗಳ ಮೇಲೆ ಅಪೀಲು ಹೋದಾಗ ಆ ಫೈಲುಗಳನ್ನು ಕಟ್ಟಿ ಹೈಕೋರ್ಟಿಗೆ ಕಳಿಸಿದವನು ನಾನೇ. ಅದಕ್ಕೂ ಸಮಯ ಬೇಕಲ್ವಾ? ವರ್ಗಾವಣೆ ಪಟ್ಟಿ ಹೇಗಿದ್ದರೂ ಬರುವುದು ಬೇಸಿಗೆ ರಜೆಯ ಹೊತ್ತಿಗೆ. ಆ ರಜೆಯಲ್ಲೇ ಎರಡು ವಾರ ಇದಕ್ಕೆ ತೆಗೆದಿಡಲಿ.

– ನಿವೃತ್ತ ಬೆಂಚ್ ಕ್ಲರ್ಕ್, ತುಮಕೂರು