ಮಕ್ಕಳ ವರ್ತನೆಯ ವಿಷಯದಲ್ಲಿ ಮನೆಯವರನ್ನು ಶಾಲೆಗೆ ಕರೆಯುವ ಕ್ರಮದ ಕುರಿತು

ಮಾನ್ಯ ಪೋಷಕರಿಗೆ,

ಸಪ್ರೇಮ ನಮಸ್ಕಾರಗಳು.

ತರಗತಿಯೊಂದರಲ್ಲಿ ಒಂದು ಮಗುವನ್ನು ಸಹಪಾಠಿಗಳು ದಿನವೂ ಅಡ್ಡಹೆಸರಿನಿಂದ ಕರೆದು ಗೇಲಿ ಮಾಡುತ್ತಿದ್ದುದು ಕಳೆದ ತಿಂಗಳು ಬಿಡುವಿನ ವೇಳೆಯಲ್ಲಿ ತಳ್ಳಾಟಕ್ಕೆ ತಿರುಗಿದ ಸಂಗತಿ ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ಯಾರಿಗೂ ಪೆಟ್ಟಾಗಲಿಲ್ಲ. ಸಂಬಂಧಪಟ್ಟ ಎಲ್ಲ ಮಕ್ಕಳ ಮನೆಯವರನ್ನು ಅದೇ ವಾರ ಮಾತುಕತೆಗೆ ಕರೆದೆವು. ಅದರ ನಂತರ ನನ್ನ ಕೈ ಸೇರಿದ ದೂರುಗಳಲ್ಲಿ ತಳ್ಳಾಟಕ್ಕಿಂತ ಹೆಚ್ಚಾಗಿ ನಾವು ಕರೆಸಿದ್ದರ ಬಗ್ಗೆಯೇ ಅಸಮಾಧಾನವಿದೆ. ಶಾಲೆಯೊಳಗೆ ನಡೆದದ್ದನ್ನು ಶಾಲೆಯೇ ನೋಡಿಕೊಳ್ಳಬೇಕು, ಕೆಲಸ ಬಿಟ್ಟು ನಾವೇಕೆ ಬರಬೇಕು ಎಂದು ಕೆಲವರು ಕೇಳಿದ್ದಾರೆ. ನಮ್ಮನ್ನು ತಪ್ಪಿತಸ್ಥರಂತೆ ಕೂರಿಸಿದಿರಿ ಎಂದು ಇನ್ನು ಕೆಲವರು ಬರೆದಿದ್ದಾರೆ. ಗೇಲಿ ಮಾಡಿದವರನ್ನು ಶಾಲೆಯಿಂದಲೇ ಕಳಿಸಿಬಿಟ್ಟಿದ್ದರೆ ಸಭೆಯ ಅಗತ್ಯವೇ ಇರುತ್ತಿರಲಿಲ್ಲ ಎಂಬ ಅಭಿಪ್ರಾಯವೂ ಬಂದಿದೆ. ಪ್ರತಿಯೊಂದು ಪತ್ರವನ್ನೂ ಗಮನವಿಟ್ಟು ಓದಿದ್ದೇನೆ. ಬರೆದವರೆಲ್ಲರೂ ಮಕ್ಕಳ ಮೇಲಿನ ಕಾಳಜಿಯಿಂದಲೇ ಬರೆದಿದ್ದಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ ಮನೆಯವರನ್ನು ಆರಂಭದಲ್ಲಿಯೇ ಕರೆದು ಮಾತನಾಡುವ ಈ ಕ್ರಮವನ್ನು ಶಾಲೆ ಕೈಬಿಡುವುದಿಲ್ಲ. ಮುಂದಿನ ತಿಂಗಳಿನಿಂದ ಎಲ್ಲ ತರಗತಿಗಳಿಗೂ ಅದು ಅನ್ವಯಿಸುತ್ತದೆ.

ಶಾಲೆಯ ಆವರಣದಲ್ಲಿ ಮಕ್ಕಳ ಸುರಕ್ಷತೆ ನಮ್ಮದೇ ಹೊಣೆ. ಅದನ್ನು ನಿಮ್ಮ ಮೇಲೆ ಹೊರಿಸುವ ಉದ್ದೇಶ ಇಲ್ಲಿ ಯಾರಿಗೂ ಇಲ್ಲ. ಬಿಡುವಿನ ವೇಳೆಯ ಮೇಲ್ವಿಚಾರಣೆಯನ್ನು ಹೆಚ್ಚಿಸಲಾಗಿದೆ, ಗೇಲಿಗೆ ಗುರಿಯಾದ ಮಗುವಿನ ಜೊತೆ ತರಗತಿ ಶಿಕ್ಷಕರು ನಿತ್ಯವೂ ಮಾತನಾಡುತ್ತಿದ್ದಾರೆ. ಇಷ್ಟು ಮಾಡಿದ ಮೇಲೂ ನಿಮ್ಮನ್ನು ಏಕೆ ಕರೆಯಬೇಕು ಎಂಬುದು ನ್ಯಾಯವಾದ ಪ್ರಶ್ನೆ.

ಮಗುವಿನ ವರ್ತನೆಗೆ ಹೆಚ್ಚಿನ ಸಂದರ್ಭಗಳಲ್ಲಿ ಒಂದು ಉದ್ದೇಶವಿರುತ್ತದೆ. ಕೆಲವು ಮಕ್ಕಳಿಗೆ ಇತರರ ಗಮನ ಬೇಕಾಗಿರುತ್ತದೆ. ಕೆಲವರು ತಮಗೆ ಬಾರದ ಪಾಠದಿಂದ ಪಾರಾಗಲು ಗಲಾಟೆ ಎಬ್ಬಿಸುತ್ತಾರೆ, ಏಕೆಂದರೆ ಹೊರಗೆ ನಿಲ್ಲಿಸಿದರೆ ಓದುವ ಸರದಿ ತಪ್ಪುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಒಬ್ಬನಿಗೆ ಆಗುವ ಪರಿಹಾರ ಇನ್ನೊಬ್ಬನಿಗೆ ಆಗುವುದಿಲ್ಲ. ಆದ್ದರಿಂದ ವರ್ತನೆಯೊಂದನ್ನು ಅರ್ಥಮಾಡಿಕೊಳ್ಳುವಾಗ ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ದೊರೆಯಿತು ಎಂಬ ಮೂರನ್ನೂ ಶಿಕ್ಷಕರು ಬರೆದಿಡುತ್ತಾರೆ. ಈ ಮೂರರಲ್ಲಿ ಮೊದಲನೆಯದರ ಬಹುಭಾಗ ಎಷ್ಟೋ ಸಲ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ರಾತ್ರಿ ಮಗು ಎಷ್ಟು ಹೊತ್ತಿಗೆ ಮಲಗಿತು, ಮನೆಯಲ್ಲಿ ಯಾರಿಗಾದರೂ ಕಾಯಿಲೆಯೇ, ಹೊಸದಾಗಿ ಮನೆ ಬದಲಾಯಿಸಿದ್ದೀರಾ, ಮೊಬೈಲಿನಲ್ಲಿ ಸ್ನೇಹಿತರ ನಡುವೆ ಏನು ನಡೆಯುತ್ತಿದೆ ಎಂಬುದೆಲ್ಲ ನಿಮಗೆ ಮಾತ್ರ ಗೊತ್ತು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ನಿದ್ರಾ ವೈದ್ಯರು ಹೇಳುತ್ತಾರೆ. ನಿದ್ರೆ ಕೆಟ್ಟ ಮಗು ತರಗತಿಯಲ್ಲಿ ತೂಕಡಿಸಲೇಬೇಕೆಂದಿಲ್ಲ. ಅದು ಸಿಡುಕುತ್ತದೆ, ಚಡಪಡಿಸುತ್ತದೆ, ಚಿಕ್ಕ ಮಾತಿಗೂ ಕೈ ಎತ್ತುತ್ತದೆ. ಹಾಗೆಯೇ ಕಿವಿ ಸರಿಯಾಗಿ ಕೇಳಿಸದ ಮಗು ನಮ್ಮ ಕಣ್ಣಿಗೆ ಹೇಳಿದ ಮಾತು ಕೇಳದ ಮಗುವಾಗಿ ಕಾಣುವ ಅಪಾಯವಿದೆ. ಇಂಥದ್ದನ್ನು ಮನೆಯವರು ಒಂದು ಮಾತಿನಲ್ಲಿ ತಿಳಿಸಿದರೆ ವಾರಗಟ್ಟಲೆ ನಡೆಯುವ ತಪ್ಪು ಶಿಸ್ತುಕ್ರಮ ತಪ್ಪುತ್ತದೆ.

ಆದ್ದರಿಂದ ದಯವಿಟ್ಟು ಇದನ್ನು ಗಮನಿಸಿ: ನಿಮ್ಮನ್ನು ಕರೆಯುವುದು ನಿಮ್ಮ ಮಗುವನ್ನು ನೀವು ಬೆಳೆಸಿದ ರೀತಿಯ ಮೇಲೆ ತೀರ್ಪು ಕೊಡುವುದಕ್ಕಲ್ಲ. ನಮಗೆ ತಿಳಿಯದೆ ಇರುವುದನ್ನು ನಿಮ್ಮಿಂದ ತಿಳಿದುಕೊಳ್ಳಲು ಕರೆಯುತ್ತೇವೆ. ಕರೆಸಿಕೊಳ್ಳುವುದೆಂದರೆ ಅವಮಾನ ಎಂಬ ಭಾವನೆ ಎಷ್ಟು ಆಳವಾಗಿ ಬೇರೂರಿದೆ ಎಂಬುದು ನನಗೆ ಗೊತ್ತು. ಶಾಲೆಯಿಂದ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ ಎಂದು ತಾಯಿಯೊಬ್ಬರು ಹೇಳಿದ್ದನ್ನು ನಾನು ಮರೆತಿಲ್ಲ. ಆ ಅಂಜಿಕೆ ಹೋಗಬೇಕಾದರೆ ಶಾಲೆಯ ಕರೆ ಕೆಟ್ಟ ಸುದ್ದಿಗೆ ಮಾತ್ರ ಮೀಸಲಾಗಿರಬಾರದು. ಆದ್ದರಿಂದ ಪ್ರತಿ ತರಗತಿ ಶಿಕ್ಷಕರೂ ತಮ್ಮ ತರಗತಿಯ ಪ್ರತಿ ಮನೆಗೂ, ಯಾವ ಸಮಸ್ಯೆಯೂ ಇಲ್ಲದಿರುವಾಗಲೇ, ಮಗುವಿನ ಬಗ್ಗೆ ತಾವು ಗಮನಿಸಿದ ಒಂದು ಒಳ್ಳೆಯ ಸಂಗತಿಯನ್ನು ತಿಳಿಸಲು ಮೊದಲ ಕರೆ ಮಾಡುತ್ತಾರೆ. ಹಾಗಿದ್ದರೂ ಕಷ್ಟದ ವಿಷಯ ಬಂದಾಗ ಕರೆಯಲೇಬೇಕಾಗುತ್ತದೆ, ಮತ್ತು ಆಗ ನೀವು ಬರಲೇಬೇಕೆಂದು ನಾವು ನಿರೀಕ್ಷಿಸುತ್ತೇವೆ. ಹಗಲು ಕೆಲಸ ಬಿಟ್ಟು ಬರಲಾಗದವರಿಗೆ ಸಂಜೆಯ ಹೊತ್ತು, ಅದೂ ಆಗದವರಿಗೆ ಫೋನಿನಲ್ಲಿ ಮಾತನಾಡುವ ಅವಕಾಶವಿದೆ. ತಂದೆ ತಾಯಿಯ ಬದಲು ಅಜ್ಜ, ಅಜ್ಜಿ ಅಥವಾ ಮಗುವನ್ನು ನೋಡಿಕೊಳ್ಳುವ ಇತರ ಹಿರಿಯರು ಬಂದರೂ ಅಷ್ಟೇ ಗೌರವದಿಂದ ಬರಮಾಡಿಕೊಳ್ಳುತ್ತೇವೆ.

ಮಕ್ಕಳನ್ನು ಹೊರಹಾಕಬೇಕಿತ್ತು ಎಂದವರಿಗೆ ಒಂದು ಮಾತು. ಅಮೆರಿಕದ ಮನೋವಿಜ್ಞಾನ ಸಂಘದ ಕಾರ್ಯಪಡೆಯೊಂದು ಯಾವ ತಪ್ಪಿಗೂ ರಿಯಾಯಿತಿ ಇಲ್ಲವೆಂಬ ಕಠಿಣ ನೀತಿಗಳನ್ನು ಪರಿಶೀಲಿಸಿ 2008ರಲ್ಲಿ ವರದಿ ಪ್ರಕಟಿಸಿತು. ಅಂಥ ನೀತಿಗಳಿಂದ ಶಾಲೆಗಳು ಹೆಚ್ಚು ಸುರಕ್ಷಿತವಾದವೆಂಬುದಕ್ಕೆ ಆಧಾರ ದೊರೆಯಲಿಲ್ಲ. ಅಮಾನತಾದ ಮಕ್ಕಳು ಮುಂದೆಯೂ ತಪ್ಪು ಮಾಡಿ ಮತ್ತೆ ಅಮಾನತಾಗುವ ಸಾಧ್ಯತೆಯೇ ಹೆಚ್ಚು ಕಂಡುಬಂತು. ನೊಂದ ಮಗುವಿನ ಮನೆಯವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆ ಮಗುವಿನ ಸುರಕ್ಷತೆಯೇ ನಮಗೆ ಮೊದಲನೆಯದು. ಆದರೆ ನೋಯಿಸಿದ ಮಗುವೂ ಕಲಿಯಬೇಕಾದ ಮಗುವೇ. ಆ ಮಗುವಿನ ವಿಷಯದಲ್ಲಿ ಏನು ಕ್ರಮ ಕೈಗೊಂಡಿರಿ ಎಂದು ಬೇರೆ ಮನೆಯವರು ಕೇಳಿದರೆ ನಾವು ಹೇಳುವುದಿಲ್ಲ. ನಾಳೆ ನಿಮ್ಮ ಮಗುವಿನ ವಿಷಯವನ್ನು ಇತರರು ಕೇಳಿದಾಗಲೂ ಇದೇ ಉತ್ತರ ಕೊಡುತ್ತೇವೆ.

ಇನ್ನು, ಪದೇ ಪದೇ ತೊಂದರೆ ಕಾಣುವ ಮಗುವಿಗೆ ನಾವು ಆರಂಭಿಸುತ್ತಿರುವ ದಿನದ ಚೀಟಿಯ ವಿಚಾರ. ಅದರಲ್ಲಿ ಎರಡು ಅಥವಾ ಮೂರು ಸ್ಪಷ್ಟವಾದ ಗುರಿಗಳು ಮಾತ್ರ ಇರುತ್ತವೆ. ಒಳ್ಳೆಯವನಾಗಿರಬೇಕು ಎಂದು ಬರೆದರೆ ಮಗುವಿಗೆ ಏನೂ ತಿಳಿಯುವುದಿಲ್ಲ. ಸಹಪಾಠಿಗಳನ್ನು ಅವರ ಹೆಸರಿನಿಂದಲೇ ಕರೆಯುವುದು, ಮಾತನಾಡುವ ಮುನ್ನ ಕೈ ಎತ್ತುವುದು ಎಂದು ಬರೆದರೆ ತಿಳಿಯುತ್ತದೆ. ಪ್ರತಿ ಪಿರಿಯಡ್‌ನ ಕೊನೆಗೆ ಶಿಕ್ಷಕರು ಗುರುತು ಹಾಕುತ್ತಾರೆ, ಸಂಜೆ ನೀವು ನೋಡಿ ಸಹಿ ಮಾಡುತ್ತೀರಿ. ಇಲ್ಲಿ ನಾನು ಮತ್ತೆ ಮತ್ತೆ ಒತ್ತಿ ಹೇಳಬೇಕಾದದ್ದೊಂದಿದೆ. ಈ ಚೀಟಿ ದೂರಿನ ಪತ್ರವಲ್ಲ. ಅದರಲ್ಲಿ ಕಡಿಮೆ ಗುರುತು ಬಂದ ದಿನ ಮಗುವಿಗೆ ಹೊಡೆಯಬೇಡಿ, ಬೈಯಬೇಡಿ, ಊಟ ಆಟಗಳನ್ನು ಕಸಿದುಕೊಳ್ಳಬೇಡಿ. ಶಾಲೆಯಲ್ಲಿ ಆದ ತಪ್ಪಿಗೆ ಶಾಲೆಯಲ್ಲೇ ಕ್ರಮ ಆಗಿರುತ್ತದೆ; ಅದೇ ತಪ್ಪಿಗೆ ಮನೆಯಲ್ಲಿ ಎರಡನೆಯ ಶಿಕ್ಷೆ ಬಿದ್ದರೆ ಮಗು ಚೀಟಿಯನ್ನು ಬಚ್ಚಿಡಲು ಕಲಿಯುತ್ತದೆ, ಆಮೇಲೆ ನಿಜ ಹೇಳುವುದನ್ನೇ ಬಿಡುತ್ತದೆ. ಹೊಡೆಯದೆ ಬುದ್ಧಿ ಬರುವುದಿಲ್ಲ ಎಂದು ಸಭೆಯಲ್ಲಿ ಹಿರಿಯರೊಬ್ಬರು ವಿಶ್ವಾಸದಿಂದಲೇ ಹೇಳಿದರು. ಅವರ ಅನುಭವವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಆದರೆ ಆ ಮಾತನ್ನು ಒಪ್ಪಲಾರೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 28ನೆಯ ವಿಧಿ, ಶಾಲೆಯ ಶಿಸ್ತು ಮಗುವಿನ ಘನತೆಗೆ ತಕ್ಕಂತಿರಬೇಕು ಎನ್ನುತ್ತದೆ. ನಾವು ಕಳಿಸಿದ ಕಾಗದವೇ ಮನೆಯಲ್ಲಿ ಮಗುವಿನ ಬೆನ್ನಿಗೆ ಏಟಾಗಿ ಬಿದ್ದರೆ ಆ ಘನತೆಯನ್ನು ನಾವೇ ಕಳೆದಂತಾಗುತ್ತದೆ. ಗುರುತು ಹೆಚ್ಚು ಬಂದ ದಿನ ನಾಲ್ಕು ಒಳ್ಳೆಯ ಮಾತು, ಕಡಿಮೆ ಬಂದ ದಿನ ನಾಳೆ ನೋಡೋಣ ಎಂಬ ಒಂದು ಮಾತು ಸಾಕು.

ಮಗು ಮನೆ ಮತ್ತು ಶಾಲೆಯ ನಡುವೆ ಮಾತ್ರ ಬದುಕುವುದಿಲ್ಲ. ಶಾಲಾ ವಾಹನದ ಚಾಲಕರು, ಟ್ಯೂಷನ್ ಹೇಳಿಕೊಡುವವರು, ಆಟದ ತರಬೇತುದಾರರು, ಗ್ರಂಥಾಲಯದವರು, ಹಳೆಯ ವಿದ್ಯಾರ್ಥಿಗಳು ಎಲ್ಲರೂ ಅದರ ದಿನದಲ್ಲಿ ಬಂದುಹೋಗುವವರೇ. ಮನೆ ಮತ್ತು ಶಾಲೆ ಎರಡೂ ಮಗುವನ್ನು ರೂಪಿಸುವಂತೆಯೇ ಅವೆರಡರ ನಡುವಿನ ಸಂಬಂಧವೂ ರೂಪಿಸುತ್ತದೆ ಎಂದು ಮನೋವಿಜ್ಞಾನಿ ಯೂರಿ ಬ್ರಾನ್‌ಫೆನ್‌ಬ್ರೆನರ್ 1970ರ ದಶಕದಲ್ಲಿಯೇ ವಿವರಿಸಿದ್ದರು. ಅಡ್ಡಹೆಸರು ತರಗತಿಯಲ್ಲಿ ತಪ್ಪು, ವ್ಯಾನಿನಲ್ಲಿ ತಮಾಷೆ ಎಂದಾದರೆ ಮಗು ತನಗೆ ಅನುಕೂಲವಾದ ನಿಯಮವನ್ನು ಆರಿಸಿಕೊಳ್ಳುತ್ತದೆ. ಆದ್ದರಿಂದ ಇವರೆಲ್ಲರಿಗೂ ಶಾಲೆಯ ಸಾಮಾನ್ಯ ನಿಯಮಗಳನ್ನು ತಿಳಿಸುತ್ತೇವೆ. ಯಾವುದೇ ಮಗುವಿನ ಹೆಸರನ್ನಾಗಲಿ, ಮನೆಯ ವಿಚಾರವನ್ನಾಗಲಿ ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಹೊರಗಿನವರೊಂದಿಗೆ ಹಂಚಿಕೊಳ್ಳುವುದಿಲ್ಲ. ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿಯೂ ಮಕ್ಕಳ ಹೆಸರು ಹಿಡಿದು ಚರ್ಚಿಸುವುದು ನಿಲ್ಲಬೇಕು. ಕಳೆದ ತಿಂಗಳ ಘಟನೆಯಲ್ಲಿ ಮಕ್ಕಳು ಮರುದಿನವೇ ಮಾತನಾಡತೊಡಗಿದ್ದರು, ದೊಡ್ಡವರ ಸಂದೇಶಗಳು ಮಾತ್ರ ವಾರವಿಡೀ ಮುಂದುವರಿದವು.

ಈ ಪತ್ರದ ಜೊತೆಗಿರುವ ಹಾಳೆಯಲ್ಲಿ ನಿಮ್ಮೊಡನೆ ಮಾತನಾಡಲು ಅನುಕೂಲವಾದ ಸಮಯವನ್ನು ಬರೆದು ಮುಂದಿನ ವಾರದೊಳಗೆ ತರಗತಿ ಶಿಕ್ಷಕರಿಗೆ ಕಳಿಸಿಕೊಡಿ.

ಕಳಿಸದೆ ಉಳಿದವರ ಮನೆಗೆ ತರಗತಿ ಶಿಕ್ಷಕರೇ ಕರೆ ಮಾಡಿ ಸಮಯ ಕೇಳುತ್ತಾರೆ. ಇಲ್ಲಿ ಬರೆದದ್ದರಲ್ಲಿ ಯಾವುದಕ್ಕಾದರೂ ನಿಮ್ಮ ಆಕ್ಷೇಪವಿದ್ದರೆ ಶಾಲೆ ಬಿಟ್ಟ ನಂತರ ನನ್ನ ಕೊಠಡಿಗೆ ಬಂದು ನೇರವಾಗಿ ಹೇಳಬಹುದು.

ಇತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು