ರಿಯಾಯಿತಿ ದರದ ಡೇಲಿಯಾ ಗೆಡ್ಡೆ: ದೋಷವೇನೆಂದು ತಿಳಿಸಿ ಮಾರಲಿ

ಮಾನ್ಯ ಸಂಪಾದಕರೇ,

ಡೇಲಿಯಾ ನೆಡುವ ಕಾಲ ಹತ್ತಿರವಾದಂತೆ ಸಣ್ಣ, ಸುಕ್ಕುಗಟ್ಟಿದ, ತುದಿ ಮುರಿದ, ಸಿಪ್ಪೆ ತರಚಿದ ಗೆಡ್ಡೆಗಳನ್ನು ಕೆಲವರು ‘ಎರಡನೇ ದರ್ಜೆ’ ಎಂದು ಕರೆದು ಕಡಿಮೆ ಬೆಲೆಗೆ ಮಾರುತ್ತಾರೆ. ಇಂಥ ಗೆಡ್ಡೆ ನೆಟ್ಟರೆ ಹೂವೂ ಎರಡನೇ ದರ್ಜೆಯದೇ ಆಗುತ್ತದೆಂಬ ನಂಬಿಕೆ ಹೂಬೆಳೆಗಾರರಲ್ಲಿ ಬಲವಾಗಿದೆ. ಅದು ನಿಜವಲ್ಲ. ಆದರೆ ಆ ನಂಬಿಕೆ ಹೋಗಬೇಕಾದರೆ ಮಾರುವವರು ದೋಷದ ಬಗೆಯನ್ನು ಬಿಚ್ಚಿ ಹೇಳಬೇಕು ಎಂಬುದು ನನ್ನ ವಿನಂತಿ.

ತೋಟಗಳಲ್ಲಿ ಬೆಳೆಯುವ ಡೇಲಿಯಾ ತಳಿಗಳು ಅಷ್ಟಗುಣಿತ, ಅಂದರೆ ವರ್ಣತಂತುಗಳ ಎಂಟು ಗುಂಪುಗಳನ್ನು ಹೊತ್ತವು. ಆದ್ದರಿಂದ ಬೀಜದಿಂದ ಎದ್ದ ಸಸಿ ತಾಯಿಗಿಡದ ಹೂವನ್ನೇ ಕೊಡುತ್ತದೆಂಬ ಭರವಸೆಯಿಲ್ಲ. ಗೆಡ್ಡೆಯ ವಿಷಯ ಹಾಗಲ್ಲ. ಅದು ತಾಯಿಗಿಡದ್ದೇ ಒಂದು ಭಾಗವಾದುದರಿಂದ, ಹೆಬ್ಬೆರಳಿನಷ್ಟು ಚಿಕ್ಕ ಗೆಡ್ಡೆಯಲ್ಲಿಯೂ ಅದೇ ಬಣ್ಣ, ಅದೇ ಎಸಳಿನ ವಿನ್ಯಾಸ ಅಡಗಿರುತ್ತದೆ. ಚಿಗುರು ತನ್ನ ಬೇರು ಬಿಡುವವರೆಗೆ ಸಾಕಾಗುವಷ್ಟು ಆಹಾರವನ್ನು ಒದಗಿಸುವುದಷ್ಟೇ ಗೆಡ್ಡೆಯ ಕೆಲಸ. ಆಮೇಲೆ ಗಿಡದ ಬೆಳವಣಿಗೆ ಮಣ್ಣು, ಬಿಸಿಲು ಮತ್ತು ಆರೈಕೆಗೆ ಸೇರಿದ್ದು.

ಹಾಗಾದರೆ ನೋಡಬೇಕಾದದ್ದೇನು? ಕಣ್ಣು, ಅಂದರೆ ಚಿಗುರು ಹೊರಡುವ ಮೊಗ್ಗು; ಮತ್ತು ಕುತ್ತಿಗೆ, ಅಂದರೆ ಗೆಡ್ಡೆಯನ್ನು ಕಾಂಡದ ಬುಡಕ್ಕೆ ಸೇರಿಸುವ ಸಪೂರ ಭಾಗ. ಆಲೂಗಡ್ಡೆಯ ಮೈತುಂಬ ಕಣ್ಣುಗಳಿರುತ್ತವೆ, ಏಕೆಂದರೆ ಅದು ಕಾಂಡ. ಡೇಲಿಯಾ ಗೆಡ್ಡೆ ಆಹಾರ ತುಂಬಿ ಉಬ್ಬಿದ ಬೇರು. ಅದರ ಕಣ್ಣುಗಳು ಹಳೆಯ ಕಾಂಡದ ಬುಡಕ್ಕೆ ಗೆಡ್ಡೆ ಅಂಟಿಕೊಂಡಿರುವ ಜಾಗದಲ್ಲಿ ಮಾತ್ರ ಮೂಡುತ್ತವೆ. ಆ ಬುಡದ ತುಣುಕು ಇಲ್ಲದ ಗೆಡ್ಡೆ ಎಷ್ಟೇ ದುಂಡಾಗಿ ಹೊಳೆಯುತ್ತಿದ್ದರೂ, ಮಣ್ಣಿನಲ್ಲಿ ಬೇರು ಬಿಟ್ಟರೂ, ಎಂದೂ ಚಿಗುರುವುದಿಲ್ಲ. ಕುತ್ತಿಗೆ ಒಳಗೆ ಮುರಿದು ತೊಗಟೆಯಿಂದಷ್ಟೇ ಜೋತಾಡುತ್ತಿದ್ದರೆ ಗೆಡ್ಡೆಯ ಆಹಾರ ಕಣ್ಣಿಗೆ ತಲುಪುವುದು ಕಷ್ಟ, ಆ ಗಾಯದಲ್ಲೇ ಕೊಳೆಯೂ ಶುರುವಾಗುತ್ತದೆ. ಇದಕ್ಕೆ ಹೋಲಿಸಿದರೆ ತುದಿ ಮುರಿದದ್ದು, ಮೈ ಸೊಟ್ಟಗಾದದ್ದು ದೋಷವೇ ಅಲ್ಲ ಎನ್ನಬೇಕು.

ಸುಕ್ಕುಗಟ್ಟಿದ ಗೆಡ್ಡೆಯನ್ನು ಒತ್ತಿ ನೋಡಿ: ಒಳಗೆ ಗಟ್ಟಿತನ ಉಳಿದಿದ್ದರೆ, ತುಸುವೇ ತೇವವಿರುವ ತೆಂಗಿನ ನಾರಿನ ಪುಡಿಯಲ್ಲಿ ಬೆಚ್ಚಗೆ ಇಟ್ಟಾಗ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕಣ್ಣು ಉಬ್ಬುತ್ತದೆ. ಬೆರಳಿಗೆ ಮೆತ್ತಗೆ ಕುಸಿದು ನೀರು ಜಿನುಗಿದರೆ ಆಸೆ ಬಿಡುವುದೇ ಸರಿ. ಒಂದು ಬದಿ ಮಾತ್ರ ಕೊಳೆತಿದ್ದರೆ ಬಿಳಿಯ ತಿರುಳು ಕಾಣುವವರೆಗೆ ಶುಭ್ರವಾದ ಚಾಕುವಿನಿಂದ ಕೆತ್ತಿ, ಗಾಯಕ್ಕೆ ಗಂಧಕದ ಪುಡಿ ಸವರಿ, ಚೆನ್ನಾಗಿ ಒಣಗಿಸಿ ನೆಡಬಹುದು. ಇಂಥ ಗೆಡ್ಡೆಗಳಿಗೆ ದೊಡ್ಡ ಅಪಾಯ ನೀರಿನದು. ನೀರು ಬಸಿದುಹೋಗುವ ಮಣ್ಣಿನಲ್ಲಿ ನೆಟ್ಟು, ಚಿಗುರು ಮೇಲೆ ಕಾಣುವವರೆಗೆ ನೀರುಣಿಸುವ ಉತ್ಸಾಹವನ್ನು ತಡೆದುಕೊಳ್ಳಬೇಕು. ಕೈಗೆ ಸಿಕ್ಕ ಆರೋಗ್ಯವಂತ ಗೆಡ್ಡೆ ಒಂದೇ ಆಗಿದ್ದರೂ ಚಿಂತೆಯಿಲ್ಲ: ಅದರ ಎಳೆಯ ಚಿಗುರುಗಳು ಬೆರಳುದ್ದವಾದಾಗ ಕತ್ತರಿಸಿ ಬೇರು ಬರಿಸಿದರೆ ಹಲವು ಗಿಡಗಳಾಗುತ್ತವೆ, ಹಂಗಾಮು ಮುಗಿಯುವ ಹೊತ್ತಿಗೆ ಆ ಗಿಡಗಳೂ ತಮ್ಮದೇ ಗೆಡ್ಡೆ ಕಟ್ಟುತ್ತವೆ.

ಆದರೆ ರೋಗವನ್ನು ಎಷ್ಟೇ ಕಡಿಮೆ ಬೆಲೆಗೂ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಕಾಂಡದ ಬುಡದಲ್ಲಿ ಹೂಕೋಸಿನಂತೆ ಗಂಟುಗಂಟಾಗಿ ಬೆಳೆದ ಮುದ್ದೆ ಕಂಡರೆ, ಅಥವಾ ಒಂದೇ ಕಡೆ ಲೆಕ್ಕವಿಲ್ಲದಷ್ಟು ಕುರುಚಲು ಚಿಗುರುಗಳು ಗುಂಪುಗಟ್ಟಿದ್ದರೆ, ಅದು ಬ್ಯಾಕ್ಟೀರಿಯಾದಿಂದ ಬಂದ ಗಂಟುರೋಗದ ಲಕ್ಷಣ. ಅಂಥ ಗೆಡ್ಡೆಯನ್ನು ಗೊಬ್ಬರದ ಗುಂಡಿಗೂ ಹಾಕದೆ ನಾಶಪಡಿಸಬೇಕು, ಅದನ್ನು ಮುಟ್ಟಿದ ಚಾಕುವನ್ನು ಸೋಂಕುನಿವಾರಕದಿಂದ ತೊಳೆಯಬೇಕು. ಮೊಸಾಯಿಕ್ ವೈರಸ್ ಇನ್ನೂ ಕಪಟಿ; ಗೆಡ್ಡೆಯ ಮೇಲೆ ಅದರ ಗುರುತೇ ಇರುವುದಿಲ್ಲ, ಎಲೆ ಬಿಟ್ಟ ಮೇಲೆ ನರಗಳ ಗುಂಟ ಹಳದಿ ಪಟ್ಟೆಯಾಗಿ ತೋರಬಹುದು, ಅಷ್ಟರಲ್ಲಿ ಗಿಡಹೇನುಗಳು ಅದನ್ನು ಪಕ್ಕದ ಗಿಡಗಳಿಗೂ ಒಯ್ದಿರುತ್ತವೆ. ಹೂಬಿಡುವ ಕಾಲದಲ್ಲೇ ರೋಗಪೀಡಿತ ಗಿಡಗಳನ್ನು ಕಿತ್ತು ಹಾಕಿದವರು ಮಾತ್ರ ಈ ವಿಷಯದಲ್ಲಿ ಭರವಸೆ ಕೊಡಬಲ್ಲರು.

ಆದ್ದರಿಂದ ರಿಯಾಯಿತಿಯ ಚೀಟಿಯ ಮೇಲೆ ‘ಚಿಕ್ಕದು’, ‘ತುದಿ ಮುರಿದಿದೆ’, ‘ಕಣ್ಣು ಇನ್ನೂ ಕಂಡಿಲ್ಲ’ ಎಂದು ಕಾರಣವನ್ನು ಬರೆಯುವ ಪದ್ಧತಿ ಬರಲಿ. ಕಣ್ಣು ಕಾಣದ ಗೆಡ್ಡೆ ಚಿಗುರದಿದ್ದರೆ ಹಣ ಮರಳಿಸುವುದೋ ಇಲ್ಲವೋ ಎಂಬುದನ್ನೂ ಮಾರುವ ಮೊದಲೇ ತಿಳಿಸಲಿ. ತಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಕಣ್ಣಿರುವ ಮತ್ತು ಕಣ್ಣಿಲ್ಲದ ಗೆಡ್ಡೆಗಳ ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಪ್ರಕಟಿಸಿದರೆ ಹೊಸದಾಗಿ ಡೇಲಿಯಾ ಬೆಳೆಯಲು ಹೊರಟವರಿಗೆ ಬಹಳ ಉಪಕಾರವಾಗುತ್ತದೆ.

ಇಂತಿ,
ಓರ್ವ ಹೂಬೆಳೆಗಾರ